ಬಸ್ಸಿಳಿಯುವ ಮುನ್ನವೇ ಮುಗಿದ ಕಥೆ

ಕಲಬುರಗಿಯಿಂದ ಕಪನೂರಿಗೆ ದೂರವೇನೂ ಬಹಳವಿಲ್ಲ. ಹುಮನಾಬಾದ ರಸ್ತೆಯ ಬಸ್ಸಿನಲ್ಲಿ ಓದಲೆಂದು ಕಳೆದ ತಿಂಗಳು ಕಾದಂಬರಿಯೊಂದನ್ನು ಕೊಂಡೆನು. ರಕ್ಷಾಪುಟದಲ್ಲಿ ಮುಂಗುರುಳಿನ ತರುಣಿ. ಅವಳ ಹಿಂದೆ ಹುಬ್ಬು ಗಂಟಿಕ್ಕಿದ ತರುಣ. ಅಣ್ಣನ ಮನೆಯ ನಿಲ್ದಾಣ ಬರುವಷ್ಟರಲ್ಲಿ ಕಥೆಯ ಕೊನೆ ನನಗೆ ತಿಳಿದುಹೋಗಿತ್ತು!

ನಾಯಕಿ ಬಡ ಉಪಾಧ್ಯಾಯರ ಮಗಳು. ನಾಯಕ ಸಿರಿವಂತ, ಮುಂಗೋಪಿ. ಮೊದಲ ಭೇಟಿಯಲ್ಲಿ ಅವಮಾನ, ನಡುವೆ ಕೈತಪ್ಪಿದ ಒಂದು ಪತ್ರ, ಆಸ್ಪತ್ರೆಯ ಹಾಸಿಗೆಯ ಬಳಿ ಕಣ್ಣೀರು, ಕೊನೆಗೆ ಮಂಗಳವಾದ್ಯ. ಒಮ್ಮೆಯಾದರೂ ಲೇಖಕರು ನನ್ನನ್ನು ಮೋಸಗೊಳಿಸಿಯಾರೆಂಬ ಆಸೆಯಿಂದ ಪೂರ್ತಿ ಓದಿದೆನು. ಆ ಆಸೆ ಈಡೇರಲಿಲ್ಲ.

ಕೊನೆ ಮೊದಲೇ ತಿಳಿದಿರುವುದು ದೋಷವೆ? ಅಲ್ಲ. ನಮ್ಮ ಕಡೆಯ ದೊಡ್ಡಾಟದಲ್ಲಿ ಬೆಳಗಿನ ಜಾವಕ್ಕೆ ಗೆಲ್ಲುವವರು ಯಾರೆಂಬುದನ್ನು ಅರಿಯದವರಿಲ್ಲ; ಆದರೂ ಜನ ರಾತ್ರಿಯೆಲ್ಲ ಕುಳಿತು ನೋಡುತ್ತಾರೆ. ಗೆಲುವಿಗಿಂತ ಅದರ ದಾರಿಯ ಸಂಕಟ ಅವರಿಗೆ ಮುಖ್ಯ. ನಾನು ಓದಿದ ಕಾದಂಬರಿಯಲ್ಲಿ ಇಲ್ಲದ್ದು ಆ ದಾರಿಯೇ. ನಾಲ್ಕು ಜನರ ಮುಂದೆ ತನ್ನನ್ನು ಹೀಯಾಳಿಸಿದವನಿಗೆ ನಾಯಕಿ ಮರುದಿನವೇ ಮನಸೋಲುತ್ತಾಳೆ. ಆ ಒಂದು ರಾತ್ರಿ ಅವಳ ಮನಸ್ಸಿನಲ್ಲಿ ಏನು ನಡೆಯಿತು? ಅದಕ್ಕೆ ಒಂದು ಸಾಲೂ ಇಲ್ಲ.

ಆಗ ತ್ರಿವೇಣಿಯವರ 'ಬೆಳ್ಳಿಮೋಡ' ನೆನಪಾಯಿತು. ಕೇವಲ 34 ವರ್ಷ ಬದುಕಿ, 1963ರಲ್ಲಿ ತೀರಿಕೊಂಡ ಆ ಲೇಖಕಿಯೂ ಬರೆದದ್ದು ಪ್ರೇಮದ ಕಥೆಯನ್ನೇ. ಒಬ್ಬಳೇ ಮಗಳೆಂದು ಇಂದಿರೆಯನ್ನು ಒಪ್ಪಿದ ಮೋಹನ, ಅವಳಿಗೆ ತಮ್ಮ ಹುಟ್ಟಿ ಆಸ್ತಿ ಕೈತಪ್ಪಿದೊಡನೆ ಹಿಂಜರಿಯುತ್ತಾನೆ. ಮುಂದೆ ಅವನು ಹಾಸಿಗೆ ಹಿಡಿದಾಗ ಇಂದಿರೆ ಶುಶ್ರೂಷೆ ಮಾಡುತ್ತಾಳೆ, ಅವನು ಪಶ್ಚಾತ್ತಾಪಪಡುತ್ತಾನೆ. ಇನ್ನೇನು, ಮಂಗಳವಾದ್ಯ ಎಂದುಕೊಳ್ಳುವಾಗ ಇಂದಿರೆ ಅವನನ್ನು ಒಲ್ಲೆನೆನ್ನುತ್ತಾಳೆ. 1967ರಲ್ಲಿ ಪುಟ್ಟಣ್ಣ ಕಣಗಾಲರು ಇದನ್ನು ಚಲನಚಿತ್ರವಾಗಿಸಿದರು. ನಮ್ಮ ಜಿಲ್ಲೆಯ ಸಾವಳಗಿಯಲ್ಲಿ ಜನಿಸಿದ ಗೀತಾ ನಾಗಭೂಷಣ ಅವರಂತೂ ಈ ನೆಲದ ದುಡಿಯುವ ಹೆಂಗಸರನ್ನೇ ಕಾದಂಬರಿಗೆ ಕರೆತಂದರು. ಅವರ 'ಬದುಕು' 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು.

ಒಂದು ಹಗುರವಾದ ಪುಸ್ತಕದ ಮೇಲೆ ಇಷ್ಟು ಕೋಪವೇಕೆಂದು ಓದುಗರು ಕೇಳಬಹುದು. ಕಾರಣವಿದೆ. ನಾನು ಬಿಟ್ಟುಬಂದ ಆ ಪುಸ್ತಕವನ್ನು ಅಣ್ಣನ ಮಗಳು ಎರಡೇ ದಿನದಲ್ಲಿ ಓದಿದ್ದಳು. ಅದೇ ವಾರ ಅವಳನ್ನು ನೋಡಲು ಬಂದಿದ್ದ ವರನು ಎಲ್ಲರೆದುರು ಅವಳ ಬಣ್ಣವನ್ನು ಕುರಿತು ನಗೆಯಾಡಿ ಹೋಗಿದ್ದನು. "ಲಗ್ನಾದ ಮ್ಯಾಲ ಸರಿ ಹೋಗ್ತಾನ" ಎಂದು ಹಿರಿಯರು ಸಮಾಧಾನ ಹೇಳುತ್ತಿದ್ದರು.

"ಅತ್ತಿ, ಇದರಾಗಿನ ಹೀರೋನೂ ಮೊದಲ ಹಾಂಗೇ ಇದ್ದ. ಕಡಿಗಿ ಛಲೋ ಆಗ್ತಾನಲ್ಲ?" ಎಂದಳು ಹುಡುಗಿ.

ನನ್ನ ಎದೆ ಝಲ್ಲೆಂದಿತು. ಉಪದೇಶ ಮಾಡಲು ಮನಸ್ಸಾಗಲಿಲ್ಲ. ಮುಂದಿನ ಭೇಟಿಯಲ್ಲಿ 'ಬೆಳ್ಳಿಮೋಡ'ವನ್ನು ಅವಳ ಕೈಗಿತ್ತೆನು; ಕೊನೆಯನ್ನು ಮಾತ್ರ ಹೇಳಲಿಲ್ಲ.

ಮೊನ್ನೆ ಅಣ್ಣ ಸಿಕ್ಕಿದ್ದನು. ವರನ ಕಡೆಯವರಿಗೆ ಇನ್ನೂ ಉತ್ತರ ಕಳಿಸಿಲ್ಲವಂತೆ. "ನಾನು ವಿಚಾರ ಮಾಡಬೇಕು ಅಂತಾಳ" ಎಂದು ಗೊಣಗಿದನು. ನನಗೆ ಅಷ್ಟೇ ಸಾಕಾಗಿತ್ತು.