ಮುಂಗಾರಿಗೆ ಮುಂಚಿನ ಬಿರುಗಾಳಿಯೂ ಸುಂಟರಗಾಳಿಯೂ

ಅಶ್ವಿನಿ, ಭರಣಿ ಮಳೆಗಳ ಕಾಲದಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಯಾವುದಾದರೊಂದು ಹೋಬಳಿಯಲ್ಲಿ ಬಾಳೆತೋಟ ಮಲಗಿತೆಂದೂ, ಹೊಗೆಸೊಪ್ಪಿನ ಬ್ಯಾರನ್ನಿನ ತಗಡು ಹಾರಿತೆಂದೂ ಕೇಳದ ವರ್ಷವೇ ವಿರಳ. ಆಗ ಜನರು ಸಾಮಾನ್ಯವಾಗಿ "ಸುಂಟರಗಾಳಿ ಬಂತು" ಎನ್ನುವರು. ಈ ಮಾತು ಎಲ್ಲ ಸಂದರ್ಭಗಳಲ್ಲಿಯೂ ಸರಿಯಾದುದಲ್ಲ.

ಬಿರುಬಿಸಿಲಿನಲ್ಲಿ, ಮೋಡವಿಲ್ಲದಿರುವಾಗ, ಉತ್ತ ಹೊಲದ ಧೂಳನ್ನೂ ತರಗೆಲೆಗಳನ್ನೂ ಸುತ್ತಿ ಎತ್ತುವ ಗಾಳಿಯನ್ನು ಎಲ್ಲರೂ ಬಲ್ಲರು; ಕೆಲವರು ಅದನ್ನು ದೆವ್ವದ ಗಾಳಿಯೆನ್ನುವುದೂ ಉಂಟು. ಕಾದ ನೆಲದ ಮೇಲಿನ ಗಾಳಿಯು ಏರುವಾಗ ಸುತ್ತಿಕೊಳ್ಳುವುದೇ ಇದರ ಕಾರಣ. ಇದರಿಂದ ದೊಡ್ಡ ನಷ್ಟವಾಗುವುದು ಅಪೂರ್ವ.

ಪ್ರಬಲವಾದ ಸುಂಟರಗಾಳಿಯಾದರೋ ಗುಡುಗಿನ ಮೋಡದಿಂದ ಹುಟ್ಟತಕ್ಕದ್ದು. ನೆಲದ ಬಳಿ ಒಂದು ದಿಕ್ಕಿನಿಂದ ಮೆಲ್ಲಗೆ, ಎತ್ತರದಲ್ಲಿ ಬೇರೊಂದು ದಿಕ್ಕಿನಿಂದ ವೇಗವಾಗಿ ಗಾಳಿ ಬೀಸುತ್ತಿದ್ದರೆ, ನಡುವಿನ ಗಾಳಿಯು ಉರುಳುವ ದಿಮ್ಮಿಯಂತೆ ಅಡ್ಡಲಾಗಿ ಸುತ್ತತೊಡಗುವುದು. ಮೋಡದೊಳಕ್ಕೆ ಏರುವ ಬಿಸಿಗಾಳಿಯು ಆ ಸುರುಳಿಯನ್ನು ಎತ್ತಿ ನಿಲ್ಲಿಸುತ್ತದೆ. ಸುರುಳಿ ಕಿರಿದಾದಷ್ಟೂ ಅದರ ವೇಗ ಹೆಚ್ಚುವುದು. ಅದು ಆಲಿಕೆಯಾಕಾರದಲ್ಲಿ ಇಳಿದು ನೆಲ ಮುಟ್ಟಿದರೆ ಸುಂಟರಗಾಳಿ. ಬಹುಪಾಲು ಸುಂಟರಗಾಳಿಗಳು ಹತ್ತು ನಿಮಿಷದೊಳಗೆ ಅಡಗುತ್ತವೆ. ನಮ್ಮ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಮೇಲಿನ ಗಾಳಿ ಅಷ್ಟು ಬಿರುಸಾಗಿರುವುದಿಲ್ಲವಾದ್ದರಿಂದ ಇವು ವಿರಳ. ಉತ್ತರದಲ್ಲಿ ಹಾಗಲ್ಲ. ದೆಹಲಿಯಲ್ಲಿ 1978ರ ಮಾರ್ಚ್ 17ರಂದು ಒಂದು ಎದ್ದಿತು. ಬಾಂಗ್ಲಾದೇಶದ ಮಾಣಿಕ್‌ಗಂಜ್ ಜಿಲ್ಲೆಯಲ್ಲಿ 1989ರ ಏಪ್ರಿಲ್ 26ರಂದು ಬಂದುದಕ್ಕೆ ಸುಮಾರು 1300 ಜನರು ಬಲಿಯಾದರು.

ನಮ್ಮಲ್ಲಿ ತೋಟಗಳನ್ನು ಕೆಡವುವುದು ಬಹುಮಟ್ಟಿಗೆ ಮೋಡದಿಂದ ಕೆಳಕ್ಕೆ ಬೀಳುವ ಗಾಳಿ. ಬೀಳುತ್ತಿರುವ ಮಳೆಹನಿ ಆವಿಯಾಗಿ, ಆಲಿಕಲ್ಲು ಕರಗಿ, ಸುತ್ತಲಿನ ಗಾಳಿಯು ತಂಪಾಗಿ ಭಾರವಾಗುತ್ತದೆ. ಆ ಭಾರಕ್ಕೆ ಕೆಳಗಿಳಿದು, ಅಂಗಳದಲ್ಲಿ ಕೊಡದ ನೀರನ್ನು ಸುರಿದಂತೆ ನೆಲದುದ್ದಕ್ಕೂ ಹರಡುವುದು. ಮಳೆಗೆ ಮುಂಚೆ ಬರುವ ತಣ್ಣನೆಯ ಗಾಳಿ ಇದೇ.

ಈ ಭೇದವನ್ನು ಬಿದ್ದ ಮರಗಳಿಂದ ಗುರುತಿಸಿದವರು ಜಪಾನಿನಲ್ಲಿ ಹುಟ್ಟಿ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿದ್ದ ಪ್ರೊಫೆಸರ್ ಫ್ಯುಜಿತಾ ಅವರು. 1974ರ ಏಪ್ರಿಲ್‌ನಲ್ಲಿ ಅಮೆರಿಕಾದಲ್ಲಿ ಸಾಲುಸಾಲಾಗಿ ಸುಂಟರಗಾಳಿಗಳೆದ್ದ ಮೇಲೆ ಅವರು ವಿಮಾನದಿಂದ ನೋಡಲಾಗಿ, ಕೆಲವೆಡೆ ಮರಗಳು ಒಂದು ಬಿಂದುವಿನಿಂದ ನಕ್ಷತ್ರದ ಕಿರಣಗಳಂತೆ ಹೊರಮುಖವಾಗಿ ಮಲಗಿದ್ದವು. ಅದು ಬೀಳುಗಾಳಿಯ ಗುರುತು. ಸುಂಟರಗಾಳಿ ಹಾದ ದಾರಿಯಲ್ಲಿ ಮರಗಳು ಒಳಮುಖವಾಗಿ, ಒಂದರ ಮೇಲೊಂದು ಅಡ್ಡಡ್ಡ ಬಿದ್ದಿರುತ್ತವೆ, ದಾರಿಯೂ ಕಿರಿದು.

ಸುಂಟರಗಾಳಿಯ ಬಲವನ್ನು ಸೊನ್ನೆಯಿಂದ ಐದರವರೆಗೆ ಎಣಿಸುವ ಕ್ರಮವನ್ನು 1971ರಲ್ಲಿ ಏರ್ಪಡಿಸಿದವರೂ ಅವರೇ. 2007ರಿಂದ ಅಮೆರಿಕಾದಲ್ಲಿ ಅದರ ತಿದ್ದಿದ ರೂಪ ಬಳಕೆಯಲ್ಲಿದೆ. ಗಾಳಿಯ ಮಧ್ಯೆ ಯಂತ್ರವಿಟ್ಟು ಅಳೆಯುವುದು ಅಪರೂಪವಾದ್ದರಿಂದ, ಆದ ಹಾನಿಯನ್ನು ನೋಡಿ ವೇಗವನ್ನು ಅಂದಾಜು ಮಾಡುವರು. ಸೊನ್ನೆಯ ದರ್ಜೆಯೆಂದರೆ ಗಂಟೆಗೆ 105ರಿಂದ 137 ಕಿಲೋಮೀಟರು. ಎರಡನೆಯದು 179ರಿಂದ 218. ಐದನೆಯದು 322ಕ್ಕೆ ಮೇಲ್ಪಟ್ಟದ್ದು. ಸಡಿಲವಾದ ತಗಡು ಹಾರಲು ಇಷ್ಟು ವೇಗ ಬೇಕಾಗಿಲ್ಲವಾದ್ದರಿಂದ ಕಟ್ಟಡದ ಗಟ್ಟಿತನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವರು.

ಆದಕಾರಣ ಗ್ರಾಮದ ಮುಖಂಡರು ಬಿದ್ದ ಮರಗಳನ್ನು ಕಡಿಸಿ ಸಾಗಿಸುವ ಮೊದಲು, ಅವು ಯಾವ ದಿಕ್ಕಿಗೆ ಬಿದ್ದಿವೆ, ಗಾಳಿ ಎಷ್ಟು ಹೊತ್ತಿಗೆ ಬಂದಿತು, ಎಷ್ಟು ನಿಮಿಷವಿತ್ತು ಎಂಬುದನ್ನು ಬರೆಯಿಸಿ, ಛಾಯಾಚಿತ್ರ ತೆಗೆಸಿ, ಗ್ರಾಮ ಆಡಳಿತಾಧಿಕಾರಿಗಳಿಗೆ ಒಪ್ಪಿಸತಕ್ಕದ್ದು. ಆಲಿಕಲ್ಲು ಬಿದ್ದಿದ್ದರೆ ಅದನ್ನು ಮರೆಯದೆ ನಮೂದಿಸಬೇಕು. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ವಿಮೆಮಾಡಿದ ಬೆಳೆಗೆ ಆಲಿಕಲ್ಲಿನಿಂದ ನಷ್ಟವಾದರೆ 72 ಗಂಟೆಯೊಳಗೆ ತಿಳಿಸತಕ್ಕದ್ದೆಂದು ನಿಯಮವಿದೆ. "ಸುಂಟರಗಾಳಿ" ಎಂದಷ್ಟೇ ಬರೆದು ಕಳುಹಿಸಿದ ಅರ್ಜಿಯಿಂದ ರೈತನಿಗೆ ಪ್ರಯೋಜನ ಕಡಿಮೆ.

ಗೊನೆಬಿಟ್ಟ ಬಾಳೆಗೆ ಬಿದಿರು ಅಥವಾ ಸರ್ವೆಯ ಊರುಗೋಲನ್ನು ಯುಗಾದಿ ಕಳೆದೊಡನೆಯೇ ಕೊಡುವುದು ಲೇಸು. ಖಾಲಿಯಿರುವ ಬ್ಯಾರನ್ನುಗಳ ತಗಡಿನ ಮೊಳೆಗಳನ್ನು ಆಗಲೇ ಪರೀಕ್ಷಿಸಬೇಕು. ಮೋಡ ಕಪ್ಪಾಗಿ ಗುಡುಗು ಕೇಳಿದೊಡನೆ ದನಕಾಯುವವರೂ, ಹೊಗೆಸೊಪ್ಪಿನ ಸಸಿಮಡಿಯಲ್ಲಿರುವ ಆಳುಗಳೂ ಮರದಡಿಯನ್ನು ಬಿಟ್ಟು ಗಟ್ಟಿಯಾದ ಮನೆಯನ್ನು ಸೇರತಕ್ಕದ್ದು. ತಗಡಿನ ಕೊಟ್ಟಿಗೆಯಲ್ಲಿ ನಿಲ್ಲಲಾಗದು.