ದಿಂಡಿಗಲ್: ಬಂಡೆಯ ಮೇಲೆ ಸರ್ಕಾರ, ಬೆಟ್ಟದಲ್ಲಿ ಬಂಡಾಯ

ಮಧುರೆಯಿಂದ ಉತ್ತರಕ್ಕೆ ಹೊರಟ ದಾರಿ ಸಿರುಮಲೆ ಮತ್ತು ಪಳನಿ ಬೆಟ್ಟಗಳ ನಡುವಿನ ಬಯಲನ್ನು ಹೊಕ್ಕು, ಒಂದು ಕವಲು ಕರೂರಿನ ಕಡೆಗೂ ಇನ್ನೊಂದು ಪಳನಿ ಹಾಗೂ ಕೊಯಮತ್ತೂರಿನ ಕಡೆಗೂ ಒಡೆಯುವಲ್ಲಿ, ಗಿಡಮರಗಳ ಹಂಗಿಲ್ಲದ ಒಂದು ಬೋಳು ಬಂಡೆ ಊರಿನ ತಲೆಯ ಮೇಲೆ ಎದ್ದು ನಿಂತಿದೆ. ತಮಿಳಿನಲ್ಲಿ ‘ತಿಂಡು’ ಎಂದರೆ ಒರಗು ದಿಂಬು. ಅದರಂತೆ ಉರುಟಾಗಿ ಕಾಣುವ ಕಲ್ಲಾದ್ದರಿಂದ ಊರಿಗೆ ಆ ಹೆಸರು ಬಂದಿತೆಂದು ಅಲ್ಲಿನವರು ಹೇಳುತ್ತಾರೆ. ‘ದಿಂಡು’ ಮತ್ತು ‘ಕಲ್ಲು’ ಎರಡನ್ನೂ ಬಲ್ಲ ಕನ್ನಡಿಗರಿಗೆ ಈ ಹೆಸರಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೈಸೂರು ಸೀಮೆಯಿಂದ ಮಧುರೆಗೆ ಇಳಿಯುವ ಸೈನ್ಯವಾಗಲಿ, ಮಧುರೆಯಿಂದ ಮೇಲೇರುವ ಸೈನ್ಯವಾಗಲಿ ಈ ಬಂಡೆಯ ಕಣ್ಣು ತಪ್ಪಿಸಿ ಹೋಗುವಂತಿರಲಿಲ್ಲ. 1605ರಲ್ಲಿ ಮಧುರೆಯ ಮುತ್ತುಕೃಷ್ಣಪ್ಪ ನಾಯಕ ಇದರ ಮೇಲೆ ಕೋಟೆಯನ್ನು ಆರಂಭಿಸಿದುದಕ್ಕೂ, ಮುಂದೆ ತಿರುಮಲೆ ನಾಯಕ ಅದನ್ನು ಬಲಪಡಿಸಿದುದಕ್ಕೂ ಇದೇ ಕಾರಣ.

ಈ ಸೀಮೆಯ ಆಡಳಿತವನ್ನು ಅರಿಯಲು ‘ಪಾಳೆಯಪಟ್ಟು’ ಎಂಬ ವ್ಯವಸ್ಥೆಯನ್ನು ಮೊದಲು ತಿಳಿಯಬೇಕು. ಮಧುರೆಯ ನಾಯಕರು ತಮ್ಮ ರಾಜ್ಯವನ್ನು ಪಾಳೆಯಗಳಾಗಿ ಹಂಚಿ, ಒಂದೊಂದನ್ನು ಒಬ್ಬ ಪಾಳೆಯಗಾರನಿಗೆ ವಹಿಸಿದ್ದರು. ಆತ ತನ್ನ ಹಳ್ಳಿಗಳ ಕಂದಾಯವನ್ನು ಎತ್ತಿ, ಅದರಲ್ಲಿ ಒಂದು ಪಾಲನ್ನು ಕಪ್ಪವಾಗಿ ಒಪ್ಪಿಸಿ, ಉಳಿದುದರಲ್ಲಿ ಕಾಲಾಳುಗಳನ್ನು ಸಾಕಿ, ಕರೆ ಬಂದಾಗ ದಂಡಿಗೆ ಹೋಗಬೇಕಾಗಿತ್ತು. ಹಳ್ಳಿಯ ಬೆಳೆಯನ್ನೂ ದಾರಿಹೋಕರನ್ನೂ ಕಾಯುವ ‘ಕಾವಲು’ ಹಕ್ಕು ಅವನದಾಗಿದ್ದು, ಅದಕ್ಕಾಗಿ ರೈತನಿಂದ ಪ್ರತ್ಯೇಕ ಪಾಲು ಸಲ್ಲುತ್ತಿತ್ತು. ಚಿತ್ರದುರ್ಗ, ತರೀಕೆರೆ, ಹರಪನಹಳ್ಳಿಗಳ ಪಾಳೆಯಗಾರರ ಚರಿತ್ರೆಯನ್ನು ಓದಿದವರಿಗೆ ಈ ಏರ್ಪಾಡು ಪರಿಚಿತವೇ. ಮೇಲಿನ ಅರಸು ಗಟ್ಟಿಯಾಗಿರುವವರೆಗೆ ಪಾಳೆಯಗಾರ ಅವನ ಸೇವಕ, ಅರಸು ಸಡಿಲವಾದೊಡನೆ ತಾನೇ ಅರಸು. 1730ರ ದಶಕದಲ್ಲಿ ಮಧುರೆಯ ನಾಯಕರ ಆಳ್ವಿಕೆ ಮುರಿದುಬಿದ್ದಾಗ ದಿಂಡಿಗಲ್ ಸೀಮೆಯ ಪಾಳೆಯಗಾರರೆಲ್ಲ ಒಮ್ಮೆಲೇ ಈ ಎರಡನೆಯ ಸ್ಥಿತಿಗೆ ಬಂದರು. ಮರುದಶಕದಲ್ಲಿ ಮೈಸೂರಿನ ಸೈನ್ಯ ಕೋಟೆಯನ್ನು ಹಿಡಿದಾಗ ಅದರ ಕೈಗೆ ಬಂದದ್ದು ಬಂಡೆ ಮಾತ್ರ, ಸೀಮೆಯಲ್ಲ.

ಕನ್ನಡದ ಓದುಗರು ನಿಂತು ಯೋಚಿಸಬೇಕಾದ ಸಂಗತಿ ಇಲ್ಲಿದೆ. ಬ್ರಿಟಿಷರ ವಿರುದ್ಧ ಕಾದಿದ ಮೈಸೂರಿನ ಚಿತ್ರ ನಮ್ಮ ಮನಸ್ಸಿನಲ್ಲಿ ಎಷ್ಟು ಗಾಢವಾಗಿದೆಯೆಂದರೆ, ದಿಂಡಿಗಲ್ಲಿನಲ್ಲಿ ಸುಮಾರು ಅರ್ಧ ಶತಮಾನದ ಕಾಲ ‘ಸರ್ಕಾರ’ವೆಂದರೆ ಮೈಸೂರೇ ಆಗಿತ್ತು, ‘ದಂಗೆಕೋರ’ರೆಂದರೆ ಅದಕ್ಕೆ ಕಪ್ಪ ಕೊಡಲು ಒಪ್ಪದ ಪಾಳೆಯಗಾರರಾಗಿದ್ದರು ಎಂಬುದು ಮರೆತೇಹೋಗಿದೆ. 1755ರಲ್ಲಿ ಹೈದರ್ ಅಲಿ ಇಲ್ಲಿಗೆ ಫೌಜುದಾರನಾಗಿ, ಅಂದರೆ ಸೈನ್ಯ ಮತ್ತು ಕಂದಾಯ ಎರಡರ ಮೇಲೂ ಅಧಿಕಾರವುಳ್ಳ ಅಧಿಕಾರಿಯಾಗಿ ನೇಮಕಗೊಂಡದ್ದು ಈ ಪಾಳೆಯಗಾರರನ್ನು ಬಗ್ಗಿಸುವುದಕ್ಕಾಗಿಯೇ. ಪಳನಿ, ವಿರೂಪಾಕ್ಷಿ ಮುಂತಾದ ಪಾಳೆಯಗಳ ಮೇಲೆ ಅವನು ನಡೆಸಿದ ದಂಡಯಾತ್ರೆಗಳು ಕಂದಾಯ ವಸೂಲಿಯೂ ಹೌದು, ಸೈನ್ಯ ಕಟ್ಟುವ ಕೆಲಸವೂ ಹೌದು. ಮೈಸೂರಿನ ಇತಿಹಾಸ ಬರೆದ ವಿಲ್ಕ್ಸ್ ಇದಕ್ಕೆ ಸಂಬಂಧಿಸಿದ ಒಂದು ವಿವರವನ್ನು ಉಳಿಸಿದ್ದಾನೆ: ಗಾಯಗೊಂಡ ಸಿಪಾಯಿಗೆ ಗುಣವಾಗುವವರೆಗೆ ‘ಜಖಂ ಪಟ್ಟಿ’ ಎಂಬ ಭತ್ಯೆ ಸಲ್ಲುತ್ತಿತ್ತು, ಒಂದು ಕಾಳಗದಲ್ಲಿ ನಿಜವಾಗಿ ಗಾಯಗೊಂಡವರು 67 ಮಂದಿಯಾಗಿದ್ದರೂ, ಅರಿಸಿನದ ನೀರಿನಲ್ಲಿ ಅದ್ದಿದ ಪಟ್ಟಿಗಳನ್ನು ಕಟ್ಟಿಸಿಕೊಂಡ 700 ಮಂದಿಯನ್ನು ಹೈದರ್ ಲೆಕ್ಕದ ಅಧಿಕಾರಿಯ ಮುಂದೆ ನಿಲ್ಲಿಸಿದನಂತೆ. ಶ್ರೀರಂಗಪಟ್ಟಣದಿಂದ ಹೀಗೆ ಬಂದ ಹಣ, ಪಾಳೆಯಗಳಿಂದ ಕಿತ್ತ ಹಣ ಎರಡನ್ನೂ ಅವನು ದಿಂಡಿಗಲ್ಲಿನಲ್ಲೇ ಸೇನೆಗೆ ಸುರಿದು, ಫ್ರೆಂಚ್ ಕುಶಲಕರ್ಮಿಗಳನ್ನು ಕರೆಸಿ ಫಿರಂಗಿ ಮತ್ತು ಮದ್ದುಗುಂಡಿನ ಕಾರ್ಖಾನೆಯನ್ನು ಏರ್ಪಡಿಸಿದ. ಹೈದರ್ ಮುಂದೆ ಮೈಸೂರಿನ ಒಡೆತನಕ್ಕೆ ಏರಿದ ಮೆಟ್ಟಿಲುಗಳಲ್ಲಿ ಮೊದಲನೆಯದು ದಿಂಡಿಗಲ್ ಎಂದು ನಮ್ಮ ಪಠ್ಯಗಳು ಹೇಳುವುದು ನಿಜ; ಆ ಮೆಟ್ಟಿಲಿಗೆ ಕಲ್ಲು ಹೊತ್ತವರು ಈ ಸೀಮೆಯ ಒಕ್ಕಲು ಮಕ್ಕಳು ಎಂಬುದನ್ನೂ ಅದರ ಜೊತೆಗೆ ಸೇರಿಸಿ ಹೇಳುವುದು ನ್ಯಾಯ.

ಬಂಡೆಯ ಮೇಲಿನ ಕೋಟೆ ಬೇರೆ, ಅದರ ಬುಡದಲ್ಲಿದ್ದ ಪೇಟೆ ಬೇರೆ. ಮುತ್ತಿಗೆಗಳಲ್ಲಿ ಇವೆರಡರ ಅದೃಷ್ಟ ಒಂದೇ ಆಗಿರಲಿಲ್ಲ. ಪೇಟೆಯನ್ನು ಹೊಕ್ಕು ಹಿಡಿಯುವುದು ಸುಲಭ, ಹಿಡಿದುಕೊಂಡು ಉಳಿಯುವುದು ಅಸಾಧ್ಯ, ಏಕೆಂದರೆ ಮೇಲಿನ ಫಿರಂಗಿಯ ಬಾಯಿ ಪ್ರತಿಯೊಂದು ಬೀದಿಯನ್ನೂ ನೋಡುತ್ತಿತ್ತು. ಈಟಿ, ಕತ್ತಿ ಮತ್ತು ಹಳೆಯ ಕೋವಿಗಳನ್ನು ನೆಚ್ಚಿದ್ದ ಪಾಳೆಯಗಾರರ ಬಳಿ ಆ ಬಂಡೆಗೆ ಉತ್ತರ ಕೊಡುವ ತೋಪುಗಳಿರಲಿಲ್ಲ. ತೋಪುಗಳಿದ್ದವರಿಗೂ ಅದು ಕಷ್ಟವೇ ಆಗಿತ್ತೆಂಬುದು 1790ರ ಆಗಸ್ಟಿನಲ್ಲಿ, ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ ಕರ್ನಲ್ ಸ್ಟುವರ್ಟ್ ಹಾಕಿದ ಮುತ್ತಿಗೆಯಿಂದ ತಿಳಿಯುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಪಡೆ ಲಗ್ಗೆ ಹತ್ತಿದಾಗ ಟಿಪ್ಪುವಿನ ಕಾವಲು ಪಡೆ ಅದನ್ನು ಹಿಮ್ಮೆಟ್ಟಿಸಿತು. ಮುತ್ತಿಗೆ ಹಾಕಿದವರ ಮದ್ದುಗುಂಡು ಆ ಹೊತ್ತಿಗೆ ಹೆಚ್ಚುಕಡಿಮೆ ಮುಗಿದಿತ್ತು. ಈ ಗುಟ್ಟನ್ನರಿಯದ ಕಾವಲು ಪಡೆ ಮರುದಿನವೇ ಕೋಟೆಯನ್ನು ಒಪ್ಪಿಸಿಬಿಟ್ಟಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ದಿಂಡಿಗಲ್ ಅಧಿಕೃತವಾಗಿ ಕಂಪನಿಗೆ ಸಂದಿತು. ಬಂಡೆಯ ಮೇಲಿನ ಧ್ವಜ ಬದಲಾಯಿತು, ಕೆಳಗಿನ ಲೆಕ್ಕ ಬದಲಾಗಲಿಲ್ಲ: ಕಪ್ಪ ಕೇಳುವವರು ಮೇಲೆ, ಕೊಡಲೊಲ್ಲದವರು ಸುತ್ತಲ ಬೆಟ್ಟಗಳಲ್ಲಿ.

ಈ ಸೀಮೆಯ ನೈಋತ್ಯದಲ್ಲಿ, ಇಂದಿನ ತೇನಿ ಜಿಲ್ಲೆಯೊಳಗೆ ಚಾಚಿಕೊಂಡಿರುವ ಕಂಬಂ ಕಣಿವೆಯಲ್ಲಿ ಕನ್ನಡವಾಡುವ ಮನೆಗಳು ಇಂದಿಗೂ ಇವೆ. ಅವನ್ನು ಮೈಸೂರಿನ ದಂಡು ಬಿಟ್ಟುಹೋದ ಕುರುಹುಗಳೆಂದು ಭಾವಿಸುವುದು ತಪ್ಪು. ಕಪ್ಪಿಲಿಯರು ಎಂದು ಕರೆಸಿಕೊಳ್ಳುವ ಇಲ್ಲಿನ ಒಕ್ಕಲಿಗರ ಐತಿಹ್ಯ ಅವರನ್ನು ಹೈದರನಿಗಿಂತ ಬಹಳ ಹಿಂದೆ, ತುಂಗಭದ್ರೆಯ ತೀರದಿಂದ ದಕ್ಷಿಣಕ್ಕೆ ನಡೆಸಿಕೊಂಡು ಬರುತ್ತದೆ: ಬೆನ್ನಟ್ಟಿ ಬಂದವರಿಂದ ತಪ್ಪಿಸಿಕೊಳ್ಳುವಾಗ ತುಂಬಿದ ಹೊಳೆಗೆ ಹೊಂಗೆಯ ಮರವೊಂದು ಬಾಗಿ ಸೇತುವೆಯಾಯಿತೆಂಬುದು ಆ ಕಥೆ. ಕಂಬಂ ಊರಿನಲ್ಲಿ ಈ ಸಮುದಾಯ ದೇವರಿಗೆ ಬಿಟ್ಟ ದನಗಳ ಹಿಂಡೊಂದನ್ನು ಕಾಪಾಡಿಕೊಂಡು ಬಂದಿದೆ. 20ನೇ ಶತಮಾನದ ಆರಂಭದ ಮಧುರೆ ಗೆಜೆಟಿಯರ್ ಈ ಹಿಂಡನ್ನು ‘ದೇವರು ಆವು’ ಎಂದೂ, ಅದರ ಮುಖಂಡ ಹೋರಿಯನ್ನು ‘ಪಟ್ಟದ ಆವು’ ಎಂಬ ಅರ್ಥದ ಮಾತಿನಿಂದಲೂ ಗುರುತಿಸುತ್ತದೆ. ಹಳೆಯ ಹೋರಿ ಸತ್ತಾಗ ಹಿಂಡಿನ ಮುಂದೆ ಕಬ್ಬಿನ ಕಟ್ಟೊಂದನ್ನು ಇಟ್ಟು, ಮೊದಲು ಮುಂದೆ ಬಂದು ಬಾಯಿ ಹಾಕುವ ಹೋರಿಗೆ ಪಟ್ಟ ಕಟ್ಟುವ ಪದ್ಧತಿ ಅವರದು. ಕನ್ನಡನಾಡಿನ ಆಡುಮಾತಿನಲ್ಲೇ ಅಪರೂಪವಾಗುತ್ತಿರುವ ‘ಆವು’ ಎಂಬ ಪದ ಪಶ್ಚಿಮಘಟ್ಟದ ಆ ಮಗ್ಗುಲಿನಲ್ಲಿ ದೇವರ ಹೆಸರಿನೊಡನೆ ಅಂಟಿಕೊಂಡು ಉಳಿದಿರುವುದು ಬೆಲೆಕಟ್ಟಲಾಗದ ಸಂಗತಿ. ದಂಡು ಯಾರದೇ ಆಗಲಿ, ದಾರಿಯಲ್ಲಿ ಸಿಕ್ಕ ದನ ಮತ್ತು ಧಾನ್ಯವೇ ಅದರ ಮೊದಲ ಕೊಳ್ಳೆಯಾಗಿದ್ದ ಕಾಲದಲ್ಲಿ, ಹಿಂಡನ್ನು ದೇವರದ್ದೆಂದು ಕಾಯ್ದವರಿಗೆ ಮೈಸೂರಿನ ಕನ್ನಡ ಎಷ್ಟರಮಟ್ಟಿಗೆ ನೆಂಟತನದ ಭಾಷೆಯಾಗಿತ್ತು ಎಂಬುದನ್ನು ಸುಲಭವಾಗಿ ಊಹಿಸಿಕೊಳ್ಳಬಾರದು.

ಮೈಸೂರು ಮತ್ತು ಪಾಳೆಯಗಾರರ ನಡುವಿನ ಸಂಬಂಧ ವೈರದಲ್ಲೇ ನಿಲ್ಲಲಿಲ್ಲ. 1772ರ ಜೂನ್‌ನಲ್ಲಿ ಆರ್ಕಾಟಿನ ನವಾಬ ಮತ್ತು ಕಂಪನಿಯ ಪಡೆಗಳು ಕಾಳೈಯಾರ್ ಕೋವಿಲ್‌ನಲ್ಲಿ ಶಿವಗಂಗೆಯ ಅರಸ ಮುತ್ತುವಡುಗನಾಥನನ್ನು ಕೊಂದಾಗ, ರಾಣಿ ವೇಲು ನಾಚ್ಚಿಯಾರ್ ಮಗಳೊಂದಿಗೆ ದಿಂಡಿಗಲ್ ಸೀಮೆಗೆ ಬಂದು ಎಂಟು ವರ್ಷಗಳ ಕಾಲ ಹೈದರನ ಮತ್ತು ವಿರೂಪಾಕ್ಷಿಯ ಪಾಳೆಯಗಾರ ಗೋಪಾಲ ನಾಯಕನ ಆಶ್ರಯದಲ್ಲಿದ್ದಳು. 1780ರಲ್ಲಿ ಹೈದರನ ನೆರವಿನಿಂದಲೇ ಅವಳು ಶಿವಗಂಗೆಗೆ ಮರಳಿದಳು. ನವರಾತ್ರಿಯಲ್ಲಿ ದೇವಿಯ ದರ್ಶನಕ್ಕೆ ಊರೊಳಗೆ ಹೋಗುವ ಹೆಂಗಸರ ಗುಂಪಿನಲ್ಲಿ ರಾಣಿಯ ಕಡೆಯವರು ಸೇರಿಕೊಂಡರು, ಕುಯಿಲಿ ಎಂಬಾಕೆ ಶತ್ರುವಿನ ಮದ್ದಿನ ಮನೆಗೆ ತನ್ನ ದೇಹವನ್ನೇ ಬೆಂಕಿಯಾಗಿಸಿಕೊಂಡು ನುಗ್ಗಿದಳು ಎಂಬುದು ಆ ನಾಡಿನ ಜನ ಪ್ರೀತಿಯಿಂದ ಹೇಳಿಕೊಂಡು ಬಂದಿರುವ ಕಥನ.

ಇದು ಐತಿಹ್ಯವೇ ಆದರೂ ಅದರಲ್ಲಿ ಅಡಗಿರುವ ಯುದ್ಧ ತಿಳುವಳಿಕೆ ಐತಿಹ್ಯವಲ್ಲ. ತೋಪಿಲ್ಲದವರು ಊರನ್ನು ಗೆಲ್ಲಬೇಕಾದರೆ ಗೋಡೆಯನ್ನು ಒಡೆದು ಹೋಗಲಾಗದು, ಬಾಗಿಲಿನಿಂದಲೇ ಹೋಗಬೇಕು. ಬಾಗಿಲು ಎಲ್ಲರಿಗೂ ತೆರೆದಿರುವುದು ಹಬ್ಬದ ದಿನ, ಸಂತೆಯ ದಿನ. ಗೋಪಾಲ ನಾಯಕ ಮುಂದೆ ಹಾಕಿದ ಲೆಕ್ಕವೂ ಇದೇ. 1790ರ ದಶಕದಲ್ಲಿ ಕಂಪನಿ ಪಾಳೆಯಗಳ ಭೂಮಿಯನ್ನು ಅಳೆಸಿ, ಕಪ್ಪವನ್ನು ನಿಗದಿಪಡಿಸಿ, ಕಾವಲು ಹಕ್ಕಿಗೆ ಕೈಹಾಕಿದಾಗ ದಿಂಡಿಗಲ್ಲಿನ ಪಾಳೆಯಗಾರರು ಅವನ ನೇತೃತ್ವದಲ್ಲಿ ಒಂದು ಕೂಟವಾದರು. ಇಂದಿನ ತೇನಿ ಜಿಲ್ಲೆಯ ದೇವದಾನಪಟ್ಟಿಯ ಪಾಳೆಯವೂ ಅದರಲ್ಲಿತ್ತು. ಶಿವಗಂಗೆಯ ಮರುದು ಸೋದರರು, ಮಲಬಾರಿನ ಪಳಶ್ಶಿಯ ಕೇರಳವರ್ಮ, ಇತ್ತ ಕನ್ನಡ ಸೀಮೆಯಲ್ಲಿ ಐಗೂರಿನ ಪಾಳೆಯಗಾರ ಮತ್ತು ಧೋಂಡಿಯ ವಾಘ್ ಇವರೊಂದಿಗೆ ಸಂಪರ್ಕ ಬೆಳೆಯಿತು. ಚನ್ನಗಿರಿಯ ಧೋಂಡಿಯ, 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿನ ಸೆರೆಯಿಂದ ಹೊರಬಂದು, ಚದುರಿಹೋದ ಟಿಪ್ಪುವಿನ ಸಿಪಾಯಿಗಳನ್ನು ಸೇರಿಸಿಕೊಂಡು ಶಿಕಾರಿಪುರ, ಸವಣೂರುಗಳ ಕಡೆ ಸೈನ್ಯ ಕಟ್ಟಿದ್ದವನು. ಅವನ ಕುದುರೆ ದಂಡು ಉತ್ತರದಿಂದ ಇಳಿದು ಬರಬೇಕು, ಪಾಳೆಯಗಾರರ ಕಾಲಾಳು ದಕ್ಷಿಣದಿಂದ ಏರಬೇಕು, ನಡುವಿನ ಕೊಯಮತ್ತೂರು ಕೋಟೆಯನ್ನು ಮೊಹರಂ ದಿನ ಒಳಗಿನಿಂದಲೇ ಹಿಡಿಯಬೇಕು ಎಂಬುದು ಯೋಜನೆ. ಕೋಟೆಯ ಸಿಪಾಯಿಗಳಲ್ಲಿ ಬಹುಪಾಲು ಮುಸಲ್ಮಾನರು. ಅಂದು ಅವರು ಅಲಾಬಿಯ ಸಡಗರದಲ್ಲಿರುತ್ತಾರೆ, ಬೀದಿ ಜನರಿಂದ ತುಂಬಿರುತ್ತದೆ. 1800ರ ಜೂನ್ 3ರಂದು ಪ್ರಯತ್ನ ನಡೆಯಿತು. ಸುಳಿವು ಮೊದಲೇ ಸಿಕ್ಕಿದ್ದ ಕಂಪನಿ ಅದನ್ನು ಮುರಿದು, ಸಿಕ್ಕಿಬಿದ್ದ ಹಲವರನ್ನು ಗಲ್ಲಿಗೇರಿಸಿತು. ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಆರ್ಥರ್ ವೆಲ್ಲೆಸ್ಲಿಯ ಕುದುರೆ ಪಡೆಯೆದುರು ಧೋಂಡಿಯನೂ ಬಿದ್ದ. 1801ರ ಫೆಬ್ರುವರಿ 2ರಂದು ಪಾಳೆಯಂಕೋಟೆಯ ಸೆರೆಮನೆಯಿಂದ ಪಾಳೆಯಗಾರ ಕಟ್ಟಬೊಮ್ಮನ ತಮ್ಮ ಊಮೈದೊರೆಯನ್ನು ಬಿಡಿಸಿಕೊಂಡವರು ಯಾತ್ರಿಕರ ಮತ್ತು ಸೌದೆ ಮಾರುವವರ ವೇಷದಲ್ಲಿ ಊರು ಹೊಕ್ಕಿದ್ದರೆಂದು ಹೇಳುತ್ತಾರೆ. ಊರಿನ ಗುಂಪನ್ನೇ ಆಯುಧವಾಗಿಸಿಕೊಂಡ ಈ ಉಪಾಯ ಗೆದ್ದದ್ದು ಅಲ್ಲಿ.

ದಿಂಡಿಗಲ್ಲಿಗೆ ಅಂಥ ಗೆಲುವು ಒದಗಲಿಲ್ಲ. 1801ರ ಮಾರ್ಚ್‌ನಲ್ಲಿ ಲೆಫ್ಟಿನೆಂಟ್ ಕರ್ನಲ್ ಇನ್ನೆಸ್ ಇಲ್ಲಿಂದ ದಂಡು ಹೊರಡಿಸಿ ವಿರೂಪಾಕ್ಷಿಯನ್ನು ಹಿಡಿದ. ಬೆಟ್ಟ ಸೇರಿದ ಗೋಪಾಲ ನಾಯಕ ಮೇ ತಿಂಗಳಲ್ಲಿ ಸೆರೆಸಿಕ್ಕಿ, ಆ ವರ್ಷವೇ ದಿಂಡಿಗಲ್ಲಿನಲ್ಲಿ ನೇಣಿಗೇರಿದ. ಅಕ್ಟೋಬರ್ 24ರಂದು ಮರುದು ಸೋದರರು ತಿರುಪ್ಪತ್ತೂರಿನಲ್ಲಿ ಅದೇ ಗತಿಯನ್ನು ಕಂಡರು. ಡಿಸೆಂಬರ್ 1ರ ಘೋಷಣೆಯಲ್ಲಿ ಮದ್ರಾಸಿನ ಗವರ್ನರ್ ಎಡ್ವರ್ಡ್ ಕ್ಲೈವ್ ಪಾಳೆಯಗಳಲ್ಲಿ ಆಯುಧ ಹಿಡಿಯುವುದನ್ನೇ ನಿಷೇಧಿಸಿದ. ಪಾಳೆಯಗಾರರ ಕೋಟೆಗಳು ನೆಲಸಮವಾದವು, ಅವರಲ್ಲಿ ಉಳಿದವರು ಕಂದಾಯ ಕಟ್ಟುವ ಜಮೀನ್ದಾರರಾದರು.

ಇಂದು ಬಂಡೆಯ ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಕಲ್ಲಿನಲ್ಲೇ ಕಡೆದ ಮೆಟ್ಟಿಲುಗಳನ್ನು ಏರಿದವರಿಗೆ ಕಮಾನು ಚಾವಣಿಯ ಇಟ್ಟಿಗೆ ಕೋಣೆಗಳು, ಸೆರೆಮನೆಯ ಗೂಡುಗಳು, ಮದ್ದಿನ ಮನೆ, ತುಕ್ಕು ಹಿಡಿದ ಫಿರಂಗಿ ಕಾಣಸಿಗುತ್ತವೆ. ತುದಿಯಲ್ಲಿ ವಿಗ್ರಹವಿಲ್ಲದ ದೇವಾಲಯವೊಂದಿದೆ. ಅಲ್ಲಿನ ದೇವರನ್ನು ಯುದ್ಧದ ದಿನಗಳಲ್ಲಿ ಕೆಳಗಿಳಿಸಿ ಪೇಟೆಯ ಕಾಳಹಸ್ತೀಶ್ವರ–ಅಭಿರಾಮಿ ಗುಡಿಗೆ ತಂದರೆಂಬ ನಂಬಿಕೆಯಿಂದ ಊರವರು ಖಾಲಿ ಗರ್ಭಗುಡಿಗೂ ಕೈಮುಗಿಯುತ್ತಾರೆ. ಇನ್ನೊಂದು ಬದಿಗೆ, ಮೈಸೂರಿನ ಕಾಲದಲ್ಲಿ ಇಲ್ಲಿ ತೀರಿಕೊಂಡ ಅಮೀರುನ್ನೀಸಾ ಬೇಗಂ ಎಂಬುವರ ಗೋರಿಯಿಂದ ಹೆಸರು ಪಡೆದ ಬೇಗಂಪುರವಿದೆ. ಫಿರಂಗಿಯ ಬಾಯಿಗೆ ನೇರವಾಗಿದ್ದ ಪೇಟೆ ಬೀಗ ಮಾಡುವವರ, ತೊಗಲು ಹದಮಾಡುವವರ, ಹೊಗೆಸೊಪ್ಪು ಮತ್ತು ಈರುಳ್ಳಿ ವರ್ತಕರ ಊರಾಗಿ ಬೆಳೆಯಿತು. ಕೈಯಲ್ಲಿ ಅರದಿಂದ ಉಜ್ಜಿ ಮಾಡುವ ದಿಂಡಿಗಲ್ ಬೀಗಕ್ಕೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯಿತು. ವಿರೂಪಾಕ್ಷಿಯ ಹೆಸರು ಹೊರಗಿನವರಿಗೆ ಈಗ ಹೆಚ್ಚಾಗಿ ತಿಳಿದಿರುವುದು ಅಲ್ಲಿನ ಬೆಟ್ಟದ ಬಾಳೆಯಿಂದ. ಗೋಪಾಲ ನಾಯಕನನ್ನು ಹುಣಿಸೆ ಮರವೊಂದಕ್ಕೆ ನೇಣು ಹಾಕಿದರೆಂದು ಊರು ನೆನೆಯುವ ಜಾಗದ ಬಳಿ ಒಂದು ಕೆರೆಯಿದೆ. ಅದರ ಹೆಸರು ಗೋಪಾಲಸಮುದ್ರ.