ಊರಿನ ಕಲೆಗೆ ಸಾರ್ವಜನಿಕರ ನೆರವು: ಊರಿಗೆ ಏನು ಲಾಭ?



ಸಂಘದ ವಾರ್ಷಿಕ ಮಹಾಸಭೆಯಲ್ಲಿ ಒಂದು ಪ್ರಶ್ನೆ ಆಗಾಗ ಏಳುತ್ತದೆ. ಶಾಲಾ ಮಕ್ಕಳ ನಾಟಕಕ್ಕೋ, ಊರಿನ ಯಕ್ಷಗಾನಕ್ಕೋ, ಬಯಲು ರಂಗಮಂದಿರದ ದುರಸ್ತಿಗೋ ಸಂಘದಿಂದ ಸ್ವಲ್ಪ ಹಣ ಕೊಡೋಣವೆಂದು ಒಬ್ಬರು ಸೂಚಿಸುತ್ತಾರೆ. "ಹಿಂಡಿಯ ದರ ಏರಿರುವಾಗ ಕುಣಿತಕ್ಕೆ ಯಾಕೆ ಹಣ?" ಎಂದು ಇನ್ನೊಬ್ಬರು ಎದ್ದು ಕೇಳುತ್ತಾರೆ. ಕೇಳಿದ್ದರಲ್ಲಿ ತಪ್ಪಿಲ್ಲ. ನಸುಕಿನಲ್ಲಿ ಎದ್ದು ಕರೆದ ಹಾಲಿನ ಹಣ ಅದು. ಆದುದರಿಂದ ಉತ್ತರವೂ ಲೆಕ್ಕಕ್ಕೆ ಸಿಗುವಂತಿರಬೇಕು.

ಹಾಲು ಉತ್ಪಾದಕರೇ ತೆಗೆದ ಚಿತ್ರ

ಮೊದಲು ನಮ್ಮವರದೇ ಉದಾಹರಣೆ ನೋಡೋಣ. 1976ರಲ್ಲಿ ತೆರೆಗೆ ಬಂದ ‘ಮಂಥನ್’ ಎಂಬ ಹಿಂದಿ ಚಿತ್ರಕ್ಕೆ ಹಣ ಹಾಕಿದವರು ಯಾವ ಸಾಹುಕಾರರೂ ಅಲ್ಲ. ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಕೊಟ್ಟರು. 10 ಲಕ್ಷ ರೂಪಾಯಿ ಸೇರಿತು. ಶ್ಯಾಮ್ ಬೆನೆಗಲ್ ನಿರ್ದೇಶಿಸಿದರು. ಹಳ್ಳಿಗೆ ಬರುವ ಪಶುವೈದ್ಯ ಡಾಕ್ಟರ್ ರಾವ್ ಪಾತ್ರವನ್ನು ನಮ್ಮ ಗಿರೀಶ ಕಾರ್ನಾಡರು ವಹಿಸಿದರು. ಖಾಸಗಿ ಡೇರಿಯವನ ಹಿಡಿತ, ಊರೊಳಗಿನ ಜಾತಿಭೇದ ಇವುಗಳ ನಡುವೆ ಒಂದು ಹಾಲಿನ ಸಂಘ ತಲೆಯೆತ್ತುವುದೇ ಅದರ ಕಥೆ.

ಗುಜರಾತಿನ ರೈತರು ಲಾರಿಗಳಲ್ಲಿ ಬಂದು ತಮ್ಮ ಚಿತ್ರವನ್ನು ನೋಡಿದರು. ಮುಂದೆ ಅದರ ಪ್ರತಿಗಳನ್ನು ದೇಶದ ಬೇರೆ ಬೇರೆ ಕಡೆಯ ಹಳ್ಳಿಗಳಿಗೆ ಒಯ್ದು ತೋರಿಸಲಾಯಿತು. ಜೊತೆಗೆ ಪಶುವೈದ್ಯರೂ ಮೇವಿನ ತಜ್ಞರೂ ಹೋಗಿ ಸಂಘ ಕಟ್ಟುವ ಬಗೆಯನ್ನು ತಿಳಿಸಿದರು. ಹತ್ತು ಭಾಷಣಗಳಿಂದ ಮನಸ್ಸಿಗೆ ಇಳಿಯದ ಮಾತು ಒಂದು ಚಿತ್ರದಿಂದ ಇಳಿಯಿತು. 2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಅದರ ಹೊಸದಾಗಿ ಸರಿಪಡಿಸಿದ ಪ್ರತಿ ಪ್ರದರ್ಶನಗೊಂಡಿತು. 2 ರೂಪಾಯಿ ಎಲ್ಲಿಯವರೆಗೆ ಹೋಯಿತು ನೋಡಿ!

ನಮ್ಮದೇ ತಾಲ್ಲೂಕಿನ ಹೆಗ್ಗೋಡು

ಆನಂದಪುರದ ಸದಸ್ಯರಿಗೆ ಹೆಗ್ಗೋಡು ದೂರದ ಊರೇನಲ್ಲ. 1949ರಲ್ಲಿ ಅಲ್ಲಿನ ಊರವರು ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘವನ್ನು, ಅಂದರೆ ಈಗಿನ ನೀನಾಸಮ್ ಅನ್ನು ಕಟ್ಟಿದರು. 1973ರಲ್ಲಿ ಚಿತ್ರಸಮಾಜ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರು ಸುತ್ತುವ ‘ತಿರುಗಾಟ’ ಆರಂಭವಾದವು. ಸಂಘವನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ಸರ್ಕಾರದ ಅನುದಾನ, ಪ್ರೇಕ್ಷಕರ ಟಿಕೆಟಿನ ಹಣ, ಊರವರ ದುಡಿಮೆ ಈ ಮೂರೂ ಕೂಡಿದ್ದರಿಂದಲೇ ಇದು ಸಾಧ್ಯವಾಯಿತು. ಒಂದನ್ನೇ ನೆಚ್ಚಿದ್ದರೆ ಆಗುತ್ತಿರಲಿಲ್ಲ.

ಇದರಿಂದ ಊರಿಗೆ ಬರುವ ಲಾಭವನ್ನು ಹೀಗೆ ಲೆಕ್ಕ ಹಾಕಬಹುದು.

ಮೊದಲನೆಯದು ಕಸುಬು. ಹಳ್ಳಿಯಲ್ಲೇ ತರಬೇತಿ ದೊರೆತರೆ ನಟನೆಯೊಂದೇ ಅಲ್ಲ, ಬೆಳಕು, ವೇಷಭೂಷಣ, ರಂಗಸಜ್ಜಿಕೆಯ ಕೆಲಸಗಳನ್ನೂ ಯುವಕ ಯುವತಿಯರು ಕಲಿಯುತ್ತಾರೆ.

ಎರಡನೆಯದು ಹಣದ ಓಡಾಟ. ಒಂದು ತಂಡ ಊರಿಗೆ ಬಂದರೆ ಊಟ, ವಸತಿ, ಚಪ್ಪರ, ಧ್ವನಿವರ್ಧಕ, ವಾಹನ ಇವುಗಳ ಖರ್ಚಿನ ಬಹುಪಾಲು ಊರಿನವರ ಕೈಗೇ ಸೇರುತ್ತದೆ.

ಮೂರನೆಯದು ಮಾತಿನ ಧೈರ್ಯ. ಶಾಲೆಯ ನಾಟಕದಲ್ಲಿ ನಾಲ್ಕು ಮಾತು ಆಡಿದ ಹುಡುಗಿ, ನಾಳೆ ಸಂಘದ ಸದಸ್ಯೆಯಾದಾಗ "ನನ್ನ ಹಾಲಿನ ಫ್ಯಾಟ್ ಯಾಕೆ ಕಡಿಮೆ ಬಂತು?" ಎಂದು ಎದ್ದು ನಿಂತು ಕೇಳಬಲ್ಲಳು. ಹಾಗೆ ಕೇಳುವ ಸದಸ್ಯರು ಇರುವ ಸಂಘ ಹಾಳಾಗುವುದಿಲ್ಲ.

ನಾಲ್ಕನೆಯದು ಕೂಡಿ ನಡೆಯುವ ಅಭ್ಯಾಸ. ಹೆಗ್ಗೋಡಿನ ಬಳಿಯ ಭೀಮನಕೋಣೆಯ ‘ಚರಕ’ ಮಹಿಳಾ ಸಹಕಾರ ಸಂಘವನ್ನು ಕಟ್ಟಲು ಮುಂದಾದವರು ರಂಗನಿರ್ದೇಶಕ ಪ್ರಸನ್ನ. ಅಲ್ಲಿನ ಮಹಿಳೆಯರು ನೇಯುವ ಬಟ್ಟೆಗೆ ಅಡಿಕೆ ಚೊಗರಿನ ಬಣ್ಣವೂ ಏರುತ್ತದೆ. ನಾಟಕ ಕಟ್ಟುವವರಿಗೂ ಸಂಘ ಕಟ್ಟುವವರಿಗೂ ಬೇಕಾದ ಗುಣ ಒಂದೇ: ಹತ್ತು ಜನರನ್ನು ಜೊತೆಗೂಡಿಸಿಕೊಂಡು ಹೋಗುವುದು.

ಹಿಂದೆ ಇಂಥ ಕೆಲಸಕ್ಕೆ ಅರಸರ ಬೊಕ್ಕಸವಿತ್ತು. ಆನಂದಪುರದ ಬಳಿ ಮಲಂದೂರಿನಲ್ಲಿರುವ ಚಂಪಕಸರಸು ಕೊಳ ಕೆಳದಿ ಅರಸರ ಕಾಲದ್ದು. ಮೆಟ್ಟಿಲು, ನಡುವಿನ ಗುಡಿ ನೋಡಿದರೆ ನೀರಿನ ಕೊಳವನ್ನೂ ಅವರು ಎಷ್ಟು ಅಂದವಾಗಿ ಕಟ್ಟಿಸಿದರೆಂದು ತಿಳಿಯುತ್ತದೆ. ಈಗ ಅರಸರಿಲ್ಲ. ಆ ಹೊಣೆ ಸರ್ಕಾರದ್ದು, ಪಂಚಾಯಿತಿಯದ್ದು, ನಮ್ಮದು.

ನೆರವು ನೀಡುವಾಗ ಗಮನಿಸಬೇಕಾದ ಅಂಶಗಳು

1. ಹಾಲಿನ ಬಟವಾಡೆಯ ಹಣವನ್ನು ಮುಟ್ಟಬಾರದು. ನಿವ್ವಳ ಲಾಭದಲ್ಲಿ, ಕಾಯ್ದೆ ಮತ್ತು ಉಪವಿಧಿಗಳು ಒಪ್ಪುವ ಮಿತಿಯಲ್ಲಿ, ಮಹಾಸಭೆಯ ನಿರ್ಣಯದಂತೆ ಮಾತ್ರ ಕೊಡಬೇಕು.

2. ಕೊಟ್ಟ ಹಣಕ್ಕೆ ರಸೀದಿ ಪಡೆಯಿರಿ. ಖರ್ಚಿನ ವಿವರವನ್ನು ಸಂಘದ ಫಲಕದಲ್ಲಿ ಹಾಕಿಸಿ.

3. ಕಾರ್ಯಕ್ರಮ ಒಂದು ಪಕ್ಷದ್ದೋ ಒಂದು ಕೇರಿಯದ್ದೋ ಆಗದಿರಲಿ. ಹಸು ಇಲ್ಲದವರಿಗೂ ಮುಂದಿನ ಸಾಲಿನಲ್ಲಿ ಜಾಗವಿರಲಿ.

4. ಸಂಜೆಯ ಹಾಲು ಅಳೆದ ಮೇಲೆ ಆರಂಭಿಸಿ, ಕಾಲಮಿತಿಯಲ್ಲಿ ಮುಗಿಸಿ. ಬೆಳಗಿನ ಹಾಲು ಕರೆಯುವ ಹೆಣ್ಣುಮಕ್ಕಳೂ ನಿಶ್ಚಿಂತೆಯಿಂದ ಕುಳಿತು ನೋಡುವಂತಾಗಬೇಕು.

5. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಿಂದ ನೋಂದಾಯಿತ ಕಲಾಸಂಘಗಳಿಗೆ ಧನಸಹಾಯ, ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಮಾಸಾಶನ ದೊರೆಯುತ್ತದೆ. ನಿಮ್ಮ ಊರಿನಲ್ಲಿ ಅರ್ಹ ಭಾಗವತರು, ವೇಷಧಾರಿಗಳು ಇದ್ದರೆ ಅರ್ಜಿ ಬರೆಯಲು ನೆರವಾಗಿ. ಇದಕ್ಕೆ ಸಂಘದ ಒಂದು ಪೈಸೆಯೂ ಖರ್ಚಿಲ್ಲ.

ಬಂಧುಗಳೇ, ಕಲೆಗೆ ಕೊಟ್ಟ ಹಣದಿಂದ ಹಸು ಹೆಚ್ಚು ಹಾಲು ಕೊಡುವುದಿಲ್ಲ, ನಿಜ. ಆದರೆ ಒಂದು ಚಮಚ ಹೆಪ್ಪು ಬೀಳದೆ ಪಾತ್ರೆ ತುಂಬ ಹಾಲಿದ್ದರೂ ಅದು ಮೊಸರಾಗುವುದಿಲ್ಲ. ಊರಿಗೂ ಅಂಥ ಹೆಪ್ಪು ಬೇಕು. ಮುಂದಿನ ಮಹಾಸಭೆಯಲ್ಲಿ ಆ ಪ್ರಶ್ನೆ ಮತ್ತೆ ಎದ್ದಾಗ, ಗುಜರಾತಿನ ಉತ್ಪಾದಕರ 2 ರೂಪಾಯಿಯನ್ನು ನೆನೆದು ನಿರ್ಣಯ ಕೈಗೊಳ್ಳಿ.